ಫೈಲ್ ತೆರೆದಿತ್ತು, ವಸುಧಾ

ನಾನು ಸುಳ್ಳು ಹೇಳಿದೆ, ವಸುಧಾ. ನೀನು ಕೊಟ್ಟ ಪೆನ್‌ಡ್ರೈವ್ ಕೆಟ್ಟಿರಲಿಲ್ಲ. ಅದರಲ್ಲಿದ್ದ ಮಕ್ಕಳ ಮಾತನ್ನು ಪೋಷಕರ ಸಭೆಯ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಕೇಳಿದ್ದೆ — ಒಂದು ಸಲವಲ್ಲ, ಎರಡು ಸಲ. ಕೇಳಿಯೂ ಎಲ್ಲರೆದುರು "ಓಪನ್ ಆಗ್ಲಿಲ್ಲಮ್ಮ" ಅಂದೆ.

ಐದು ವರ್ಷವಾಯಿತು. ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ಇದನ್ನು ನನಗೆ ನಾನೇ ಇದ್ದದ್ದು ಇದ್ದಹಾಗೆ ಯಾವತ್ತೂ ಹೇಳಿಕೊಂಡಿಲ್ಲ.

ಮೈಸೂರಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಯಜಮಾನರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಈ ದೇಶಕ್ಕೆ ಬಂದ ಮೇಲೆ ನನಗೆ ದುಡಿಯುವ ವೀಸಾ ಇರಲಿಲ್ಲ. ನ್ಯೂಕ್ಯಾಸಲ್‌ನ ಕ್ಲಬ್‌ಹೌಸಿನಲ್ಲಿ ಶನಿವಾರದ ಕನ್ನಡ ತರಗತಿ — ಅಲ್ಲಿ ಮಾತ್ರ ನಾನು 'ಮೇಡಂ'. ಇದನ್ನು ನೆಪವಾಗಿ ಹೇಳುತ್ತಿಲ್ಲ. ಎಷ್ಟು ಸಣ್ಣದಕ್ಕೆ ನಾನು ಆ ಕೆಲಸ ಮಾಡಿದೆ ಅನ್ನುವುದು ನಿನಗೆ ಗೊತ್ತಾಗಬೇಕು, ಅಷ್ಟೆ.

ನನ್ನ ಪಾಠದ ದಾರಿ ಒಂದೇ. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ; ಆಮೇಲೆ ಪದ, ಆಮೇಲೆ ವಾಕ್ಯ. ವಾಕ್ಯಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಬಿಟ್ಟುಹೋಗಿರುತ್ತಿದ್ದರು. ಸೋಮಾರಿಗಳು ಅಂದುಕೊಳ್ಳುತ್ತಿದ್ದೆ.

ಆಗ ನೀನು ಬಂದೆ. ಶಿಕ್ಷಣದ ವಿಷಯ ಓದುತ್ತಿದ್ದ ಹುಡುಗಿ, ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯಿಂದ ಎರಡು ಬಸ್ ಬದಲಾಯಿಸಿ ಬರುತ್ತಿದ್ದೆ. ಹತ್ತು ಮಕ್ಕಳನ್ನು ನಿನಗೆ ಒಪ್ಪಿಸಿದೆವು. ಮೊದಲ ದಿನವೇ ನೀನು ಪುಸ್ತಕ ಮುಚ್ಚಿಟ್ಟು ಒಬ್ಬೊಬ್ಬರನ್ನೇ ಕೇಳಿದೆ: "ನಿಂಗೆ ಕನ್ನಡದಲ್ಲಿ ಯಾರ ಹತ್ರ ಏನು ಹೇಳ್ಬೇಕು?"

ಒಬ್ಬನಿಗೆ ಅಪ್ಪ ಅಮ್ಮ ಜಗಳವಾಡುವಾಗ ಏನು ಹೇಳುತ್ತಾರೆ ಅನ್ನುವುದು ಅರ್ಥವಾಗಬೇಕಿತ್ತು. ನಾವೆಲ್ಲ ನಕ್ಕೆವು. ಒಂಬತ್ತು ವರ್ಷದ ತನ್ವಿ — ನನ್ನ ತರಗತಿಯಲ್ಲಿ ವರ್ಷವಿಡೀ ಬಾಯೇ ಬಿಡದವಳು — ತನ್ನ ಮೊಲದ ವಿಷಯ ತಾತನಿಗೆ ಹೇಳಬೇಕು ಅಂದಳು. ಅವಳ ಪಾಠ ಅಲ್ಲಿಂದಲೇ ಶುರುವಾಯಿತು. ಹುಲ್ಲು, ಉಗುರು, ಕಿವಿ, ಹೆದರಿಕೆ.

ಕೆಲವು ತಿಂಗಳಲ್ಲೇ ಒಬ್ಬಿಬ್ಬರು ಅಮ್ಮಂದಿರು ನನ್ನ ಬಳಿ ಬಂದು, ಮಗುವನ್ನು ವಸುಧಾ ಗುಂಪಿಗೆ ಹಾಕಿ ಅಂದರು. ನಗುತ್ತಲೇ ಆಗಲಿ ಅಂದೆ. ಮನೆಗೆ ಹೋಗಿ ಯಾರ ಜೊತೆಗೂ ಮಾತಾಡಲಿಲ್ಲ.

ಮುಂದಿನ ವರ್ಷ ಎಲ್ಲ ಮಕ್ಕಳಿಗೂ ಯಾರ ರೀತಿಯ ಪಾಠ ಅಂತ ಜೂನ್ ತಿಂಗಳ ಸಭೆಯಲ್ಲಿ ತೀರ್ಮಾನ ಆಗಬೇಕಿತ್ತು. ನೀನು ಎರವಲು ತಂದ ರೆಕಾರ್ಡರಿನಲ್ಲಿ ಮಕ್ಕಳ ಮಾತು ಹಿಡಿದು, ಪೆನ್‌ಡ್ರೈವ್ ನನ್ನ ಕೈಗಿತ್ತೆ. "ನೀವೇ ಕೇಳ್ಸಿ ಮೇಡಂ. ನೀವು ಕೇಳ್ಸಿದ್ರೆ ಎಲ್ಲರೂ ಒಪ್ತಾರೆ." ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ ನೀನು. ನನ್ನನ್ನು ಅಷ್ಟು ನಂಬಿದ್ದೆ.

ತನ್ವಿಯ ದನಿ ಎರಡು ನಿಮಿಷ ಇತ್ತು. "ಉಗುರು ಕಟ್ ಮಾಡುವಾಗ ಮೊಲ ಹೆದರ್ತಾಳೆ. ನಾನು ಹಾಡು ಹೇಳ್ತೀನಿ. ಆಮೇಲೆ ಅವಳು ನನ್ನ ಮೇಲೆ ಮಲಗುತ್ತೆ." ಮೊದಲ ಸಲ ಕೇಳುವಾಗ ತಪ್ಪು ಎಣಿಸಿದೆ — ಹನ್ನೊಂದು. ಎರಡನೇ ಸಲ ಎಣಿಸಲಾಗಲಿಲ್ಲ. ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ನನ್ನ ತರಗತಿಯ ಯಾವ ಮಗುವೂ ಹೀಗೆ ತನ್ನದೇ ಒಂದು ವಿಷಯವನ್ನು ನನಗೆ ಹೇಳಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಅದು ಅಲ್ಲೇ, ಆ ಕುರ್ಚಿಯಲ್ಲೇ ಗೊತ್ತಾಯಿತು, ವಸುಧಾ. ಗೊತ್ತಾದ ಮೇಲೆ ಮಾಡಿದ್ದು ಇದು.

ಮರುದಿನ ಸಭೆಗೆ ಮುಂಚೆ ಎಲ್ಲ ಮಕ್ಕಳಿಗೂ ಉಕ್ತಲೇಖನ ಕೊಟ್ಟೆ; ಸಭೆಯಲ್ಲಿ ಆ ಹಾಳೆಗಳನ್ನು ತೋರಿಸಿದೆ. ವೈಶಿಷ್ಟ್ಯ, ಸ್ವಾತಂತ್ರ್ಯ, ಉಜ್ಜ್ವಲ — ನಿನ್ನ ಮಕ್ಕಳಿಗೆ ಬರುವುದಿಲ್ಲ ಅಂತ ತಿಳಿದೇ ಆರಿಸಿದ ಪದಗಳು. ತನ್ವಿಯ ಹಾಳೆ ಖಾಲಿ. ಅವಳಪ್ಪ ಅದನ್ನು ಎತ್ತಿ ಹಿಡಿದು, "ಒಂದು ವರ್ಷ ಬಂದು ಇಷ್ಟೇನಾ?" ಅಂದರು.

"ಮೇಡಂ, ರೆಕಾರ್ಡಿಂಗ್?" ಅಂದೆ ನೀನು.

"ಓಪನ್ ಆಗ್ಲಿಲ್ಲಮ್ಮ. ಫೈಲ್ ಹಾಳಾಗಿರ್ಬೇಕು."

ಹಿಂದಿನ ಸಾಲಿನಿಂದ ತನ್ವಿ ಎದ್ದು ನಿಂತಳು. "ಬಟ್ ಐ ಸೆಡ್ ಇಟ್. ಐ ಸೆಡ್ ಆಲ್ ಆಫ್ ಇಟ್." ಅವಳಪ್ಪ ಕೈ ಹಿಡಿದು ಕೂರಿಸಿದರು. ಅವಳು ನೋಡುತ್ತಿದ್ದುದು ನಿನ್ನನ್ನಲ್ಲ, ನನ್ನನ್ನು. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ.

ನೀನು ಪೋಷಕರ ಕ್ಷಮೆ ಕೇಳಿದೆ — ನೀನು! ಬಸ್ಸಿಗೆ ಹೊತ್ತಾಯಿತು ಅಂತ ಹೊರಟಾಗ "ಬರ್ತೀನಿ ಮೇಡಂ" ಅಂದೆ. ಮತ್ತೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ತನ್ವಿಯನ್ನು ನನ್ನ ತರಗತಿಯಲ್ಲಿ ಕೂರಿಸಿದರು, ಮತ್ತೆ ಅ ಆ ಇ ಈ ಇಂದ. ಮೂರು ವಾರ ಬಂದಳು. ನಾಲ್ಕನೇ ವಾರ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ... ಇಲ್ಲ, ಮುಗಿಯಲಿಲ್ಲ. ಮಕ್ಕಳು ಕಡಿಮೆಯಾಗುತ್ತ ಬಂದರು. ಈ ವರ್ಷ ತರಗತಿ ನಡೆಸುವ ಸಮಿತಿಯವರೇ, ಇನ್ನು ಪುಸ್ತಕ ಹಿಡಿದು ಮಕ್ಕಳನ್ನು ಎಳೆಯುವುದು ಬೇಡ, ಮಕ್ಕಳಿಗೆ ಬೇಕಾದಲ್ಲಿಂದ ಪಾಠ ಶುರುವಾಗಲಿ ಅಂದರು. ಹೊಸ ಶಿಕ್ಷಕಿಯರಿಗೆ ಹೇಳಿಕೊಡುವ ಕೆಲಸ ನನಗೇ ಬಂತು. ನಾನು ಬೋರ್ಡಿನ ಮೇಲೆ ನಿನ್ನ ಪ್ರಶ್ನೆಯನ್ನು ಬರೆದೆ, ಒಂದಕ್ಷರ ಬಿಡದೆ. ಒಬ್ಬಳು ಕೇಳಿದಳು, "ಇದು ನಿಮಗೆ ಹೇಗೆ ಹೊಳೀತು ಮೇಡಂ?"

"ಅನುಭವ," ಅಂದೆ.

ಕಳೆದ ತಿಂಗಳು ಲಿನ್‌ವುಡ್‌ನ ಅಂಗಡಿಯೊಂದರಲ್ಲಿ ತನ್ವಿ, ಅವಳಮ್ಮ ಸಿಕ್ಕರು. ಹದಿನಾಲ್ಕು ಈಗ, ನನಗಿಂತ ಎತ್ತರ. "ಆಂಟಿ ಹತ್ರ ಕನ್ನಡದಲ್ಲಿ ಮಾತಾಡೇ," ಅಂದರು ಅವಳಮ್ಮ. ಅವಳು ಮುಜುಗರದಿಂದ, ತುಂಬ ವಿನಯದಿಂದ ಅಂದಳು: "ಸಾರಿ ಆಂಟಿ. ಐ ವಾಸ್ ನೆವರ್ ಗುಡ್ ಅಟ್ ಇಟ್."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅದನ್ನು ನಂಬಿಬಿಟ್ಟಿದ್ದಾಳೆ. "ನೀನು ಚೆನ್ನಾಗಿ ಮಾತಾಡುತ್ತಿದ್ದೆ ಕಣಮ್ಮ, ನಾನೇ ಕೇಳಿದ್ದೇನೆ" — ಅಷ್ಟು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ. ಹಣ್ಣಿನ ಬೆಲೆ ಏರಿದೆ ಅಂತ ಏನೋ ಅಂದು ಬಂದುಬಿಟ್ಟೆ.

ನಿನ್ನೆ ಶನಿವಾರ. ಶಿಕ್ಷಕಿಯರಿಗೆ ಎಲ್ಲವನ್ನೂ ಹೇಳಿದೆ. ಆ ಪ್ರಶ್ನೆ ಯಾರದು, ನಿನ್ನನ್ನು ನಾನು ಹೇಗೆ ದೂರ ಮಾಡಿದೆ ಅಂತ. ಒಬ್ಬಳು ನಿನ್ನ ಪೂರ್ತಿ ಹೆಸರು ಕೇಳಿ ಬರೆದುಕೊಂಡಳು.

ತನ್ವಿಯ ಅಮ್ಮನಿಗೆ ಫೋನ್ ಮಾಡಿ ಬರುವ ಭಾನುವಾರ ಮನೆಗೆ ಬರುತ್ತೇನೆ ಅಂದಿದ್ದೇನೆ. ಅವಳಪ್ಪನೂ ಇರುತ್ತಾರೆ. ತನ್ವಿಗೆ ನನ್ನ ಸುಳ್ಳು ಪೂರ್ತಿ ಅರ್ಥವಾಗಬೇಕಾದರೆ ಇಂಗ್ಲಿಷಿನಲ್ಲೇ ಹೇಳಬೇಕು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ನಿನಗೆ ಗೊತ್ತಲ್ಲ. ಹೇಗೆ ಬರುತ್ತದೋ ಹಾಗೆ ಹೇಳುತ್ತೇನೆ.