ಯಜ್ಞೇಶ್ವರ ರಾಯರು ನುಂಗಿದ ವಾಕ್ಯ

ಉಡುಪಿ ಕಡೆಯ ಯಜ್ಞೇಶ್ವರ ರಾಯರು ಮರಾಠಿ ನಾಡಿನ ಕಲ್ಯಾಣದ ರೈಲ್ವೆ ಕಚೇರಿಯಿಂದ ನಿವೃತ್ತರಾದವರು. ತಪ್ಪು ಮಾಹಿತಿ ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ಪತ್ರಿಕೆಯಲ್ಲಿ ಒಂದು ಇಸವಿ ತಪ್ಪಿದರೂ ಸಂಪಾದಕರಿಗೆ ಪತ್ರ ಹೋಗುತ್ತಿತ್ತು. ಆದ್ದರಿಂದಲೇ, ನೌಪಾಡಾದ ಅವರ ಗಲ್ಲಿಯ ಗಣೇಶೋತ್ಸವ ಮಂಡಳಿ ಈ ವರ್ಷ ಗಣಪತಿಯ ಪಕ್ಕದಲ್ಲಿ ಅಣುಬಾಂಬು ಹೊರುವ ಅಗ್ನಿ-೫ ಕ್ಷಿಪಣಿಯ ದೃಶ್ಯ ಕಟ್ಟಿದಾಗ, ಹಿಂದಿಯಲ್ಲಿ ವಿವರಣೆ ಓದುವ ಕೆಲಸ ಅವರ ಪಾಲಿಗೆ ಬಂತು.

ಪ್ಲೈವುಡ್ಡಿನ ಲಾರಿಯ ಮೇಲೆ ಕ್ಷಿಪಣಿಯನ್ನು ಬಯಲಾಗಿ ಮಲಗಿಸಿದ್ದನ್ನು ಕಂಡು ರಾಯರು ಸಿಡಿಮಿಡಿಗೊಂಡರು. ಅದು ಮುಚ್ಚಿದ ಕೊಳವೆಯೊಳಗಿರಬೇಕು. ಎಲ್ಲಿದೆಯೆಂದು ಶತ್ರುವಿಗೆ ತಿಳಿಯದಂತೆ ರಸ್ತೆಯ ಮೇಲೆ ಜಾಗ ಬದಲಿಸುತ್ತಿರಬೇಕು. ಮೊದಲ ಏಟಿಗೆ ಸಿಕ್ಕದ ಅಸ್ತ್ರವೊಂದು ಉಳಿದಿದೆಯೆಂಬ ಭಯವೇ ಶತ್ರುವಿನ ಕೈ ಕಟ್ಟುವುದು. ಕೊಳವೆ ಬಂತು. ವಿವರಣೆಯ ಕೊನೆಗೆ ರಾಯರು ಬರೆದುಕೊಂಡಿದ್ದ ವಾಕ್ಯ ಇದು: "ಇದು ಹಾರದೆ ಉಳಿದರೆ ಮಾತ್ರ ಇದರ ಕೆಲಸ ಆದಂತೆ, ಹಾರಿದ ದಿನ ಯಾರಿಗೂ ಏನೂ ಉಳಿಯದು."

ಮೊದಲ ಸಂಜೆ, ಕ್ಷಿಪಣಿ ಹೋಗಿ ಬೀಳಬಲ್ಲ ಐದು ಸಾವಿರ ಕಿಲೋಮೀಟರ್ ಎಂದರೆ ಎಷ್ಟೆಂದು ಜನರಿಗೆ ಮನದಟ್ಟಾಗಲೆಂದು, ಅಷ್ಟರೊಳಗೆ ಬರುವ ಊರುಗಳನ್ನು ಹೇಳಿದರು. ಬೀಜಿಂಗ್, ಸಿಂಗಾಪುರ, ದೋಹಾ. ಒಂದೊಂದು ಹೆಸರಿಗೂ ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅದು ತಣ್ಣಗಾಗುವುದು ಬೇಡವೆನಿಸಿ ಕೊನೆಯ ವಾಕ್ಯವನ್ನು ನುಂಗಿಕೊಂಡರು. ಉಳಿದ ದಿನಗಳಲ್ಲಿ ಅದನ್ನೇ ಹಾಕಲೆಂದು ಮಂಡಳಿಯ ರಂಜನ್ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡ.

ಮರುದಿನ ಸಂಜೆ, ಮಂಟಪದ ಬಾಗಿಲಲ್ಲಿ ಹೂ ಮಾರುವ ವಿಜಯಪುರದ ದಾನಮ್ಮ ರಾಯರ ಕೈಗೆ ಒಂದು ಮೊಳ ಮಲ್ಲಿಗೆ ಇಟ್ಟಳು.

"ರೊಕ್ಕ ಬ್ಯಾಡ್ರಿ ಸಾಹೇಬ್ರ. ನಿನ್ನೆ ನಿಮ್ಮ ಬಾಯಾಗ ದೋಹಾದ ಹೆಸರು ಬಂತಲ್ರಿ, ನನ್ನ ಮಗ ಜೈಭೀಮ ಅಲ್ಲೇ ದುಡ್ಯಾಕ ಹೋಗ್ಯಾನ. ಅಲ್ಲೀತನಾ ಇದು ಕಾಯ್ತೈತಿ ಅಂದ್ರ, ಜೀವಕ್ಕ ಸಮಾಧಾನ ಆತ್ರಿ."

ರಾಯರ ಮುಖ ಕಪ್ಪಿಟ್ಟಿತು. ನೆಟ್ಟಗೆ ರಂಜನನ ಬಳಿ ಹೋದರು.

"ಆ ಊರುಗಳ ಹೆಸರು ತೆಗೆ ಮಾರಾಯ. ಒಂದು ವಾಕ್ಯ ಸೇರಿಸಲಿಕ್ಕುಂಟು."

"ಅರೇ ಅಂಕಲ್, ಪಬ್ಲಿಕ್ ಬರೋದೇ ಆ ಹೆಸರು ಕೇಳೋದಕ್ಕೆ. ನಿಮ್ಮ ವಾಯ್ಸ್ ಏಕ್‌ದಮ್ ಹಿಟ್. ವಿಸರ್ಜನೆ ತನಕ ಇದೇ ಚಲೇಗಾ."

ರಾಯರು ಹೂವಿನ ಬುಟ್ಟಿಯ ಬಳಿಗೆ ಮರಳಿದರು. "ನೋಡಮ್ಮ, ಆ ಹೆಸರುಗಳನ್ನು ನಾನು ಕಾಯಲಿಕ್ಕೆ ಅಂತ ಹೇಳಿದ್ದಲ್ಲ."

"ಮತ್ತ ಯಾತಕ್ರೀ?"

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವರದೇ ಕಂಠ ಉತ್ಸಾಹದಿಂದ ದೋಹಾ ಎಂದಿತು. ದಾನಮ್ಮ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಿಗೆ ಬಿಟ್ಟು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.