ಅರೆಬಣ್ಣದ ತಂತಿ

ಮೈಕಣ್ಣನಿಗೆ ಅವನಪ್ಪ ಇಟ್ಟ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಮುಕ್ಕಾಲು ಜನ ತಲೆ ಕೆರೆದುಕೊಳ್ಳುತ್ತಾರೆ. ಮುಷ್ಕರದ ಕಾಲದಲ್ಲಿ ಭಾಷಣ ಬಿಗಿಯುವವರು ಬೇಕಾದಷ್ಟಿದ್ದೆವು. ಅದು ನಾಲ್ಕು ಜನರಿಗೆ ಕೇಳಿಸುವಂತೆ ಮಾಡುತ್ತಿದ್ದವನು ಅವನೊಬ್ಬನೇ. ಕಾರ್ಖಾನೆಯ ಗೇಟಿನೆದುರು ಕಂಬ ಹತ್ತಿ, ಮೈಕಿನ ಹಾರನ್ ಕಟ್ಟಿ, ವಯರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಿತ್ತು, ‘ಹಲೋ, ಹಲೋ’ ಎಂದು ಊದಿ ನೋಡಿ ಕೆಳಗಿಳಿಯುತ್ತಿದ್ದ. ಆಮೇಲೆ ನಮ್ಮ ಗಂಟಲು. ನಾಯಕರು ಬಂದರು, ಹೋದರು, ಕೆಲವರು ಹೊಟ್ಟೆ ಬೆಳೆಸಿದರು. ಮೈಕಣ್ಣ ಮಾತ್ರ ‘ಹಲೋ’ ದಾಟಿ ಮುಂದಕ್ಕೆ ಹೋಗಲೇ ಇಲ್ಲ. ಹಾಗಾಗಿ ಇವತ್ತಿಗೂ ಅವನ ಮೇಲೆ ಯಾರಿಗೂ ಸಿಟ್ಟಿಲ್ಲ.

ಅವನ ತಲೆಯಲ್ಲಿ ಎರಡು ವಿಚಾರ ಮೊಳೆ ಹೊಡೆದಂತೆ ಕೂತಿದ್ದವು. ಹೋಗಲೊಂದು, ಬರಲೊಂದು, ಎರಡು ತಂತಿ ಇದ್ದರೆ ಏನು ಬೇಕಾದರೂ ಕಳಿಸಬಹುದು ಎಂಬುದು ಮೊದಲನೆಯದು. ಅರೆಬಣ್ಣದವರನ್ನು ನಂಬಬಾರದು ಎಂಬುದು ಇನ್ನೊಂದು. ನಮ್ಮವನಾದರೆ ಪೂರ್ತಿ ನಮ್ಮವನಾಗಿರಬೇಕು. ಮಾಲೀಕನ ಕಡೆಯವನಾದರೆ ಪೂರ್ತಿ ಆ ಕಡೆಗೇ ಇರಲಿ, ಬೈಯಲಿಕ್ಕಾದರೂ ಸಲೀಸು. ನಡುವೆ ನಿಂತು ಎರಡೂ ಕಡೆ ಹಲ್ಲು ಕಿರಿಯುವವನೇ ಅರೆಬಣ್ಣ.

ಈ ಬೈಗುಳವನ್ನು ಅವನು ಮೊದಲು ಪ್ರಯೋಗಿಸಿದ್ದು ಕಾರ್ಖಾನೆಯ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಹುಡುಗಿಯ ಮೇಲೆ. ಆಕೆ ಬೆಳಿಗ್ಗೆ ಒಳಗೆ ಕೂತು ಮಾಲೀಕನ ನೋಟೀಸು ಟೈಪ್ ಮಾಡುತ್ತಿದ್ದಳು. ಊಟ ಆದ ಮೇಲೆ ಹೊರಗೆ ಬಂದು ಅದೇ ನೋಟೀಸಿಗೆ ನಮ್ಮ ಜೊತೆ ಧಿಕ್ಕಾರ ಕೂಗುತ್ತಿದ್ದಳು. ಕೇಳಿದರೆ, ಮನೆಯಲ್ಲಿ ಒಲೆ ಉರಿಯಬೇಕಲ್ಲ ಎನ್ನುತ್ತಿದ್ದಳು. ಮುಷ್ಕರ ಮುಗಿಯುವ ಮೊದಲೇ ಮೈಕಣ್ಣ ಅವಳನ್ನು ಮದುವೆಯಾದ. ಈ ಬಗ್ಗೆ ಯಾರಾದರೂ ಕೆಣಕಿದರೆ ‘ಅದು ಬೇರೆ ವಿಷಯ’ ಎಂದು ಬೀಡಿ ಹಚ್ಚುತ್ತಿದ್ದ.

ಕಾರ್ಖಾನೆ ಮುಚ್ಚಿತು. ಮೈಕಣ್ಣ ಟಿವಿ ಆಂಟೆನಾ ಕಟ್ಟುವ ಕೆಲಸಕ್ಕೆ ಬಿದ್ದ. ಏಣಿ ಹಿಡಿಯಲು ಹೆಂಡತಿ. ಗಂಡ ಮೇಲೆ, ಹೆಂಡತಿ ಕೆಳಗೆ, ನಡುವೆ ಜಗಳ. ಊರಿನ ಮನೆಗಳ ಮಾಳಿಗೆಯ ಮೇಲೆ ನಿಂತ ಆಂಟೆನಾಗಳಲ್ಲಿ ಬಹುಪಾಲು ಇಂಥ ಜಗಳದಲ್ಲೇ ನೆಟ್ಟಗಾದವು.

ಇಂಥವನಿಗೆ ಒಂದು ದಿನ ನರ್ಸಮ್ಮನವರ ಮನೆಯಿಂದ ಕರೆ ಬಂತು. ನರ್ಸಮ್ಮ ಎಂದರೆ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮುಷ್ಕರದಲ್ಲಿ ಲಾಠಿ ಏಟಿಗೆ ಒಡೆದಿದ್ದ ಮೈಕಣ್ಣನ ಬುರುಡೆಗೆ ಹೊಲಿಗೆ ಹಾಕಿದವರೂ ಅವರೇ. ಹಿಂದೆಯೇ ಬಂದ ಪೊಲೀಸಿನವನಿಗೆ, ಇವನು ಬಚ್ಚಲಲ್ಲಿ ಜಾರಿ ಬಿದ್ದವನು, ನೆಲ ಇನ್ನೂ ಒದ್ದೆ ಇದೆ, ನೀನೂ ಬರ್ತೀಯಾ ಎಂದು ಕೇಳಿ ವಾಪಸ್ ಕಳಿಸಿದ್ದರು.

ಅವರೀಗ ಸೊಂಟ ಮುರಿದುಕೊಂಡು ಮಹಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಇಳಿಸೋಣ ಎಂದರೆ ಮೆಟ್ಟಿಲು ಇಕ್ಕಟ್ಟು, ನಡುವೆ ತಿರುವು ಬೇರೆ. ಅವರ ಮಗಳ ಮಗಳು ದೂರದ ಊರಿನಲ್ಲಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮಂಡಿ ಒಡೆದುಕೊಂಡು ಆಪರೇಷನ್ ಆಗಿ, ಮತ್ತೆ ಆಟಕ್ಕೆ ಇಳಿದಿದ್ದಳು. ಭಾನುವಾರ ಮಧ್ಯಾಹ್ನ ಅವಳ ಪಂದ್ಯ. ಅದು ಬರುವುದು ಮಾಳಿಗೆಯ ಆಂಟೆನಾ ಹಿಡಿಯುವ ಸರ್ಕಾರಿ ಚಾನೆಲ್ಲಿನಲ್ಲಿ ಮಾತ್ರ. ಆಂಟೆನಾದ ತಂತಿಯೋ ಕೆಳಗಿನ ಹಜಾರದ ಗೋಡೆಯಲ್ಲಿ ಬಂದು ನಿಂತಿತ್ತು.

ನರ್ಸಮ್ಮನಿಗೆ ಪಂದ್ಯ ಬೇಕಿರಲಿಲ್ಲ. ಮಂಡಿ ಬೇಕಿತ್ತು.

“ಫೋನಲ್ಲಿ ಎಲ್ಲರೂ ಚೆನ್ನಾಗಿರ್ತಾರೆ ಕಣೋ ಮೈಕೂ,” ಎಂದರು. “ವಾರ್ಡಲ್ಲಿ ಜೀವ ಹೋಗೋನೂ ಚೆನ್ನಾಗಿದೀನಿ ಸಿಸ್ಟರ್ ಅಂತಿದ್ದ. ಅವಳು ಓಡೋದನ್ನ ನನ್ನ ಕಣ್ಣಾರೆ ನೋಡಬೇಕು.”

“ನೋಡ್ತೀರಿ ಸಿಸ್ಟರ್,” ಎಂದ ಮೈಕಣ್ಣ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಟಿವಿಯನ್ನು ಹೊತ್ತು ಮೇಲಕ್ಕೆ ತರಬಹುದು. ಸಿಗ್ನಲ್ಲನ್ನು ಹೊರುವವರು ಯಾರು? ಹಿಂದಿನ ಕೋಣೆಗೆ ಪಕ್ಕದ ಗೋದಾಮಿನ ಗೋಡೆ ಅಡ್ಡ, ಮಾಳಿಗೆಯಿಂದ ನೇರ ವಯರ್ ಇಳಿಸಲು ಕಿಟಕಿಯೂ ಇಲ್ಲ. ಅಲ್ಲಿ ಕಡ್ಡಿ ಆಂಟೆನಾ ಇಟ್ಟರೆ ಕಪ್ಪು ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಗೋಡೆ ಕೊರೆಯೋಣ ಎಂದರೆ ನರ್ಸಮ್ಮನ ಮಗ ಅಡ್ಡ ನಿಂತ. ತಾನೇ ರಜೆ ಹಾಕಿ ಬಣ್ಣ ಬಳಿದ ಗೋಡೆ ಅದು. ಮೆಟ್ಟಿಲ ಮೇಲೆ ವಯರ್ ಹಾಸೋಣ ಎಂದದ್ದಕ್ಕೆ ಮನೆಮಂದಿಯೆಲ್ಲ ಮೈಕಣ್ಣನನ್ನು ತಿನ್ನುವಂತೆ ನೋಡಿದರು. ನರ್ಸಮ್ಮ ಸೊಂಟ ಮುರಿದುಕೊಂಡದ್ದೇ ಮೆಟ್ಟಿಲ ಮೇಲೆ ಬಿದ್ದಿದ್ದ ಕಂಪ್ಯೂಟರ್ ಕೇಬಲಿಗೆ ಎಡವಿ. ಅದಾದ ಮೇಲೆ ಮಗ ಆ ಕೇಬಲನ್ನು ಹಜಾರದಿಂದ ಮಹಡಿಗೆ ಹತ್ತುವ ಗೋಡೆಯೊಳಗಿನ ಕೊಳವೆಗೆ ತುರುಕಿದ್ದ. ಸೊಸೆ ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದದ್ದು ಅದರ ಮೇಲೆಯೇ. ಕೊಳವೆಯಲ್ಲಿ ಇನ್ನೊಂದು ದಾರವೂ ತೂರುವಂತಿರಲಿಲ್ಲ.

ಮೈಕಣ್ಣ ಆ ಕೇಬಲಿನ ತುದಿಯನ್ನು ಹಿಡಿದು ನೋಡಿದ. ಒಳಗೆ ಎಂಟು ಎಳೆ, ನಾಲ್ಕು ಅಪ್ಪಟ ಬಣ್ಣದವು, ನಾಲ್ಕು ಬರೀ ಗೀಟಿನವು. ಕಿತ್ತಳೆ ಮತ್ತು ಹಸಿರು ಎಳೆಗಳಲ್ಲಿ ಸೊಸೆಯ ಗಣಿತ ಓಡುತ್ತಿತ್ತು. ನೀಲಿ, ಕಂದು ಎಳೆಗಳು ಸುಮ್ಮನೆ ಕೂತಿದ್ದವು.

“ಇಲ್ಲೂ ಅರ್ಧ ಜನಕ್ಕೆ ಕೆಲಸ ಇಲ್ಲ,” ಎಂದ ಅವನ ಮುಖ ಅರಳಿತು.

ಕೆಲಸ ಸರಳ. ಆಂಟೆನಾದ ದುಂಡು ವಯರನ್ನು ಎರಡು ತೆಳು ಎಳೆಗೆ ಹೊಂದಿಸಲು ಬೆರಳುದ್ದದ ಡಬ್ಬಿಯೊಂದು ಬರುತ್ತದೆ. ಕೆಳಗೊಂದು ಡಬ್ಬಿ, ಮೇಲೊಂದು ಡಬ್ಬಿ, ಸಿಗ್ನಲ್ ಸೊರಗದಂತೆ ಕೆಳಗೆ ಒಂದು ಬೂಸ್ಟರ್. ಗಣಿತದ ಪಕ್ಕದಲ್ಲೇ ಟಿವಿಯೂ ಗೋಡೆಯೊಳಗಿಂದ ಮೇಲೆ ಹತ್ತುತ್ತದೆ. ಸೊಸೆ ಒಂದೇ ಷರತ್ತು ಹಾಕಿದಳು: ತನ್ನ ಇಂಟರ್ನೆಟ್ ಕೆಟ್ಟರೆ ಮೈಕಣ್ಣನೇ ಬಂದು ಬೀಜಗಣಿತ ಹೇಳಿಕೊಡಬೇಕು.

ಭಾನುವಾರ ಊಟದ ಹೊತ್ತಿಗೆ ಜೋಡಣೆ ಮುಗಿಯಿತು. ಟಿವಿ ಹಾಕಿದರೆ ಚಿತ್ರ ಬರೀ ಚೌಕ ಚೌಕ. ಸುದ್ದಿ ಓದುವವನ ಮೂಗು ಕಿವಿಯ ಹತ್ತಿರ, ಬಾಯಿ ಟೈ ಮೇಲೆ. ಮೈಕಣ್ಣ ಮಾಳಿಗೆಗೆ ಓಡಿ ಆಂಟೆನಾ ತಿರುಗಿಸಿದ. ಬೂಸ್ಟರ್ ಏರಿಸಿದ, ಇಳಿಸಿದ. ಸಹಾಯಕ್ಕೆಂದು ಜೊತೆಗೆ ಬಂದಿದ್ದ ನನಗೆ ಮೆಟ್ಟಿಲಿನ ತಿರುವಿನಲ್ಲಿ ನಿಲ್ಲುವ ಕೆಲಸ. ಮೇಲಿನವರ ಮಾತು ಕೆಳಕ್ಕೆ, ಕೆಳಗಿನವನ ಬೈಗುಳ ಮೇಲಕ್ಕೆ. ‘ಬಂತಾ?’ ‘ಇಲ್ಲ.’ ‘ಈಗ?’ ‘ಇದ್ದದ್ದೂ ಹೋಯ್ತು.’ ಪಂದ್ಯಕ್ಕೆ ಹೊತ್ತಾಗುತ್ತಾ ಬಂತು. ನರ್ಸಮ್ಮ ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟರು. ಮಗ ಅಂಗಿಯ ತೋಳು ಮಡಚಿ, ಅಮ್ಮನನ್ನು ಹೊತ್ತಾದರೂ ಇಳಿಸುತ್ತೇನೆ ಎಂದ. ಆ ತಿರುವಿನಲ್ಲಿ ಹೊತ್ತವನೂ ಉರುಳುತ್ತಾನೆ, ಆಮೇಲೆ ಇಬ್ಬರ ಸೊಂಟ ನೋಡುವವರಾರು ಎಂದು ಸೊಸೆ ತಡೆದಳು.

ಮೈಕಣ್ಣನ ಹೆಂಡತಿ ಇಷ್ಟು ಹೊತ್ತೂ ಮಂಚದ ಪಕ್ಕ ಕೂತು, ಕತ್ತರಿಸಿ ಬಿಸಾಡಿದ ಕೇಬಲಿನ ತುಂಡೊಂದನ್ನು ಬಿಡಿಸುತ್ತಿದ್ದಳು. ಎದ್ದು ಕೆಳಗೆ ಬಂದಳು.

“ರೀ, ನೀವು ಯಾವ್ಯಾವ್ದು ಸೇರಿಸಿದೀರಿ?”

“ನೀಲಿ, ಕಂದು. ಎರಡೂ ಅಪ್ಪಟ ಬಣ್ಣ.”

“ಇಲ್ಲಿ ನೀಲಿ ಸುತ್ತಿಕೊಂಡಿರೋದು ಕಂದಿನ ಜೊತೆ ಅಲ್ವಲ್ಲ. ಈ ಬಿಳೀದರ ಜೊತೆ. ಮೈಮೇಲೆ ನೀಲಿ ಗೀಟಿದೆ ನೋಡಿ.”

“ಅದು ಅರೆಬಣ್ಣದ್ದು ಕಣೆ. ಅದನ್ನ ನಂಬಿ ಸಿಗ್ನಲ್ ಕೊಡೋಕಾಗುತ್ತಾ?”

“ನನ್ನ ನಂಬಿ ಮನೆ ಬೀಗದ ಕೈ ಕೊಟ್ಟಿದೀರಲ್ಲ.”

ಮೈಕಣ್ಣ ತುಂಡನ್ನು ಕೈಗೆ ತೆಗೆದುಕೊಂಡ. ಎಂಟು ಎಳೆಗಳಲ್ಲಿ ನಾಲ್ಕು ಜೋಡಿ. ಪ್ರತಿ ಅಪ್ಪಟ ಬಣ್ಣದ ಸುತ್ತ ಅದರದೇ ಗೀಟಿನ ಬಿಳಿ ಎಳೆ ತುದಿಯವರೆಗೆ ಹೊಸೆದುಕೊಂಡಿತ್ತು. ಆ ಹೊಸೆತ ಚಂದಕ್ಕೆ ಇರುವುದಲ್ಲ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಸಮ ಬಿದ್ದು ಒಂದಕ್ಕೊಂದು ವಜಾ ಆಗಲಿ ಎಂದೇ ಹಾಗೆ ಹೆಣೆದಿರುತ್ತಾರೆ. ಹಾರನ್ನಿಗೆ ಯಾವ ಎರಡು ತಂತಿಯಾದರೂ ನಡೆದೀತು. ಚಿತ್ರಕ್ಕೆ ನಡೆಯದು. ಈತ ಎರಡು ಸಂಸಾರ ಮುರಿದು, ಸಂಬಂಧವೇ ಇಲ್ಲದ ಇಬ್ಬರನ್ನು ಗಂಟು ಹಾಕಿದ್ದ.

ಎರಡೂ ತುದಿಯಲ್ಲಿ ಕಂದು ಬಿಚ್ಚಿ, ನೀಲಿಗೆ ಅದರ ಜೊತೆಗಾರ ಎಳೆಯನ್ನು ಸೇರಿಸಿದ. ಹಲ್ಲಿನಲ್ಲೇ ಸಿಪ್ಪೆ ಕಿತ್ತದ್ದರಿಂದ ತುಟಿ ಕೊಯ್ದು ರಕ್ತ ಬಂತು. ಕೆಳಗಿನಿಂದ ‘ಈಗ?’ ಎಂದ. ನಾನು ಮೇಲಕ್ಕೆ ದಾಟಿಸುವ ಮೊದಲೇ ಕೋಣೆಯಿಂದ ಗದ್ದಲ ಕೇಳಿತು. ಅದು ಕ್ರೀಡಾಂಗಣದ ಗದ್ದಲ. ಹುಲ್ಲು ಹಸಿರಾಗಿತ್ತು, ಮೂಗುಗಳು ಮೂಗಿನ ಜಾಗದಲ್ಲಿದ್ದವು.

ಎಲ್ಲರೂ ಮಂಚದ ಸುತ್ತ ಸೇರಿದೆವು. ನರ್ಸಮ್ಮ ಕನ್ನಡಕ ಒರೆಸಿಕೊಂಡು ಕಾದರು. ಚೆಂಡು ಎಲ್ಲೋ ಇತ್ತು, ಅವರ ಕಣ್ಣು ಗೋಲಿನ ಕಂಬದ ಹತ್ತಿರ. ಕೊನೆಗೊಮ್ಮೆ ಎದುರು ತಂಡದವಳು ನುಗ್ಗಿ ಬಂದು ಒದ್ದಳು. ಮೊಮ್ಮಗಳು ಆಪರೇಷನ್ನಾದ ಕಾಲನ್ನೇ ಊರಿ ಹಾರಿದಳು, ಚೆಂಡನ್ನು ಹೊರಕ್ಕೆ ತಟ್ಟಿದಳು, ಅದೇ ಮಂಡಿಯ ಮೇಲೆ ಬಿದ್ದು ಪುಟಿದೆದ್ದಳು. ಮಗ ಮಂಚ ಅಲುಗುವಂತೆ ಕುಣಿದ.

ನರ್ಸಮ್ಮ ಕುಣಿಯಲಿಲ್ಲ. ದಿಂಬಿಗೆ ಒರಗಿದರು.

“ವಾಸಿಯಾಗಿದೆ,” ಎಂದರು. “ಇನ್ನು ಟಿವಿ ಆರ್ಸಿ, ನಿದ್ದೆ ಮಾಡ್ತೀನಿ.”

ಇನ್ನೂ ಅರ್ಧ ಪಂದ್ಯ ಬಾಕಿ ಇದೆ ಎಂದು ಮಗ ಗೋಗರೆದ. ಯಾರು ಗೆದ್ದರೂ ತನಗೇನು, ಬೇಕಾದರೆ ಕೆಳಗೆ ಹೋಗಿ ನೋಡು ಎಂದರು. ಟಿವಿಯನ್ನೇ ಮೇಲಕ್ಕೆ ತಂದಾಗಿದೆಯಲ್ಲಮ್ಮ ಎಂದ ಮಗ. ಕಡೆಗೆ ಸದ್ದು ತೆಗೆದು ನೋಡಲು ಅಪ್ಪಣೆ ಸಿಕ್ಕಿತು.

ಹೊರಡುವಾಗ ನರ್ಸಮ್ಮ ಕಣ್ಣು ಮುಚ್ಚಿಕೊಂಡೇ, ತುಟಿಗೆ ಅರಿಶಿನ ಹಚ್ಚಿಕೋ ಮೈಕೂ, ಇದಕ್ಕೆ ಹೊಲಿಗೆ ಬೇಡ ಎಂದರು. ಏಣಿಯ ಮುಂದಿನ ತುದಿ ಗಂಡನ ಹೆಗಲಿಗೆ, ಹಿಂದಿನದು ಹೆಂಡತಿಯ ಹೆಗಲಿಗೆ. ಅವರ ಹಿಂದೆ ನಾನು, ಬೀದಿಯ ಮೂಲೆ ತಿರುಗಿದೆವು. ಮೈಕಣ್ಣ ಹಿಂದಕ್ಕೆ ನೋಡದೆಯೇ, ಅರೆಬಣ್ಣದವರಲ್ಲೂ ನಂಬುವಂಥವು ಒಂದೊಂದು ಇರುತ್ತವೆ ಎಂದು ಗೊಣಗಿದ. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅಂದಳು:

“ಕೇಳಿಸ್ಲಿಲ್ಲ. ಮೈಕಲ್ಲಿ ಹೇಳಿ.”