ಎರಡನೇ ತಂತಿ

ಸತ್ತವರು ತಿರುಗಿ ಬರುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಪಿತೃಪಕ್ಷದಲ್ಲಿ ಎಡೆ ಇಟ್ಟು, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುವಾಗಲೂ ಒಳಗೆ ಯಾರೂ ಇಲ್ಲವೆಂದೇ ತಿಳಿದಿದ್ದೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಮೂರು ವರ್ಷದ ಹಿಂದಿನ ಒಂದು ಸಂಜೆಯನ್ನು ಏನೆಂದು ತಿಳಿಯಬೇಕೋ ಗೊತ್ತಾಗದೆ ಒದ್ದಾಡುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಯಜಮಾನರು ಬಿಳಿಕೆರೆ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮದುವೆ ಸೀಸನ್ ಬಂದರೆ ಹುಣಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದರು. ಬ್ಲೂಸ್ ರಾಕ್ ಎಂಬ ಅಮೆರಿಕದ ಸಂಗೀತವೆಂದರೆ ಪ್ರಾಣ. "ಹತ್ತಿ ಹೊಲ್ದಲ್ಲಿ ಗೇದೋರಿಂದ ಹುಟ್ಟಿದ್ದು ಕಣಮ್ಮಿ ಇದು, ನಮ್ಮಂಗೇಯ" ಎನ್ನುತ್ತಿದ್ದರು. ಮದುವೆಯಾದ ಮೊದಲ ವರ್ಷ ಅದೇ ಧಾಟಿಯಲ್ಲಿ ಕನ್ನಡದ ಒಂದು ಪ್ರೀತಿಯ ಹಾಡು ಕಟ್ಟಿದರು. ನಾನು ಚಪ್ಪರದಲ್ಲಿ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಏನಾದರೂ ಗುನುಗುತ್ತಿದ್ದೆ, ಅವರು ಪಕ್ಕದಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದರು.

ಆ ಹಾಡಿನಲ್ಲಿ ಎ, ಡಿ, ಇ ಎಂಬ ಮೂರೇ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಸುತ್ತಿ ಸುತ್ತಿ ಬರುತ್ತಿದ್ದವು. ಪಲ್ಲವಿಯ ಕೊನೆಗೆ ಎ ಮೇಜರ್‌ಗೆ ಮರಳಿದರೆ ಹಾಡು ಮನೆ ಸೇರಿದಂತೆ. ಇವರು ಮಾತ್ರ ಅಲ್ಲಿ ಎ ಮೈನರ್ ಹಾಕುತ್ತಿದ್ದರು. ಒಂದು ಸ್ವರ ಅರ್ಧ ಮೆಟ್ಟಿಲು ಇಳಿದು, ಹಾಡು ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ತಪ್ಪು ತಪ್ಪು ಎಂದು ತಂಡದವರು ರೇಗಿಸುತ್ತಿದ್ದರು. ನಾನೂ ಸರಿಮಾಡಿ ಎಂದು ಕಾಡಿದ್ದೇನೆ.

"ಎಲ್ಲಿಂದ ತಂದ್ರಿ ಇದನ್ನ?"

"ನಿಂದೇ ಕಣಮ್ಮಿ. ಒಂದಿನ ಹೇಳ್ತೀನಿ ಬುಡು."

ಹೇಳುವ ಮೊದಲೇ ಹೋದರು.

ಮರುವರ್ಷ ತಂಡದವರು ಅವರ ನೆನಪಿಗೆ ಆ ಹಾಡನ್ನು ರೆಕಾರ್ಡ್ ಮಾಡಲು ಹೊರಟರು. ಅವರ ದನಿಯಲ್ಲಿ ಅದು ಎಲ್ಲೂ ಉಳಿದಿರಲಿಲ್ಲ. ಕೊನೆಯ ಕಾರ್ಡನ್ನು ಮೇಜರ್‌ಗೆ ತಿದ್ದಬಹುದೇ ಎಂದು ಕೇಳಿದರು. ನಾನು ಹೂಂ ಎಂದೆ. ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಉಳಿದದ್ದು ಅದೊಂದು ಹಾಡು, ಅದನ್ನೂ ಅವರಿಗೆ ಬೇಡವಾದ ಹಾಗೆ ಮಾಡಿಸುತ್ತಿದ್ದೇನೆಯೇ ಎಂಬ ಕಸಿವಿಸಿ.

ಪಿತೃಪಕ್ಷದ ಎಡೆಯ ದಿನ ರಫೀಕ್ ಬಂದಿದ್ದ. ಹುಣಸೂರಿನಲ್ಲಿ ಮರಗೆಲಸ ಮಾಡುವವನು, ತಂಡದಲ್ಲಿ ಇವರ ಪಕ್ಕ ಹದಿನೈದು ವರ್ಷ ನಿಂತು ನುಡಿಸಿದವನು. ಇವರ ಗಿಟಾರಿನ ಆರೂ ತಂತಿಗಳನ್ನು ಫೋನ್ ನೋಡಿಕೊಂಡು ಶ್ರುತಿ ಮಾಡಿದ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯ ಜೊತೆ ಇಡುವುದು ನಮ್ಮಲ್ಲಿ ಪದ್ಧತಿ. ಮುದ್ದೆ, ಕೋಳಿ ಸಾರು, ಹೊಸ ಪಂಚೆ, ಫೋಟೋ ಮುಂದೆ ಹಚ್ಚಿಟ್ಟ ದೀಪ, ಅದರ ಪಕ್ಕದಲ್ಲಿ ಗಿಟಾರ್.

"ಬಾಗ್ಲು ಮುಚ್ಚವ್ವ, ಉಣ್ಲಿ ನನ್ ಮಗ" ಎಂದರು ಅತ್ತೆ.

ಕೋಣೆಗೆ ಒಂದೇ ಬಾಗಿಲು. ಕಿಟಕಿ ನಾನೇ ಹಾಕಿದ್ದೆ. ಮೂವರೂ ಆ ಬಾಗಿಲ ಎದುರಿಗೇ ಕೂತೆವು. ಒಳಗಿಂದ ಏನೂ ಕೇಳಿಸಲಿಲ್ಲ. ಹೊಗೆಸೊಪ್ಪು ಹದಮಾಡುವ ಹಿತ್ತಲ ಬ್ಯಾರನ್‌ನಲ್ಲಿ ಬೇಯುತ್ತಿದ್ದ ಸೊಪ್ಪಿನ ವಾಸನೆ ಮಾತ್ರ ಬರುತ್ತಿತ್ತು.

ಕಾಲು ಗಂಟೆಯ ಮೇಲೆ ಬಾಗಿಲು ತಟ್ಟಿ ತೆರೆದೆ. ಎಲೆಯ ಮೇಲಿನದು ಇಟ್ಟಂತೆಯೇ ಇತ್ತು. ತಿದ್ದಿದ ಹಾಡನ್ನು ಮೊದಲು ಅವರ ಫೋಟೋ ಮುಂದೆಯೇ ನುಡಿಸುತ್ತೇನೆಂದು ರಫೀಕ್ ಗಿಟಾರ್ ಎತ್ತಿಕೊಂಡ. ಎ ಮೇಜರ್‌ಗೆ ಬೆರಳಿಟ್ಟು ಮೀಟಿದ. ಮೈನರ್ ನುಡಿಯಿತು.

ತನ್ನ ಬೆರಳುಗಳನ್ನೇ ನೋಡಿಕೊಂಡ. ಮತ್ತೆ ಮೀಟಿದ. ಅದೇ. ಫೋನ್ ಹತ್ತಿರ ಹಿಡಿದ. ಐದು ತಂತಿಗಳು ಸರಿಯಾಗಿದ್ದವು. ಎರಡನೆಯದು ಮಾತ್ರ ಅಳೆದಂತೆ ಅರ್ಧ ಮೆಟ್ಟಿಲು ಇಳಿದಿತ್ತು. ಎ ಮೇಜರನ್ನು ಮೈನರ್ ಮಾಡುವ ಸ್ವರ ಇರುವುದು ಆ ತಂತಿಯಲ್ಲೇ.

"ಈಗ ತಾನೇ ಬಿಗಿದಿದ್ನಲ್ಲ ಅಕ್ಕ" ಎಂದ ಮೆಲ್ಲಗೆ.

"ನಿನ್ ಫೋನೇ ಕೆಟ್ಟೋಗೈತೆ ಬುಡ್ಲಾ. ಮೊದ್ಲು ಉಣ್ಣು ಬಾ" ಎಂದು ಅತ್ತೆ ಎದ್ದು ಹೋದರು.

ದೀಪದ ಕಾವಿಗೆ ಸಡಿಲವಾಗಿರಬೇಕು ಎಂದು ರಫೀಕ್ ತನಗೆ ತಾನೇ ಹೇಳಿಕೊಂಡು ತಂತಿ ಬಿಗಿದ. ಆಮೇಲೆ, "ನೀವೊಂದ್ಸಲ ಗುನುಗಿ ಅಕ್ಕ, ನಾನು ಮೇಜರ್ ಹಾಕ್ತೀನಿ" ಎಂದ. ಗುನುಗಿದೆ. ಪಲ್ಲವಿಯ ಕೊನೆಗೆ ನನ್ನ ದನಿಯೂ ಅವನ ಗಿಟಾರೂ ಡಿಕ್ಕಿ ಹೊಡೆದವು. ಮೂರು ಸಲ ಪ್ರಯತ್ನಿಸಿದೆವು. ಮೂರು ಸಲವೂ ನನ್ನ ದನಿ ಅಲ್ಲಿ ಇಳಿದೇ ಇಳಿಯಿತು.

ಆಗ ನೆನಪಾಯಿತು. ಮದುವೆಗೆ ಮುಂಚೆ, ತವರಿನಲ್ಲಿ ಸೋಬಾನೆ ಹಾಡುವಾಗಲೂ "ಕೊನೇಲಿ ಯಾಕಮ್ಮಿ ಕುಗ್ಗುಸ್ತೀಯ" ಎಂದು ಅವ್ವ ಬೈಯುತ್ತಿದ್ದಳು. ಯಾವ ಹಾಡಾದರೂ ಅಷ್ಟೇ, ಕೊನೆಗೆ ನನ್ನ ದನಿ ಸ್ವರದ ಮೇಲೆ ನಿಲ್ಲದೆ ಇಳಿದುಬಿಡುತ್ತದೆ. ರಫೀಕ್‌ಗೆ ಅದನ್ನು ಹೇಳಿದೆ. ಅವನು ತಂತಿಗಳ ಮೇಲೆ ಅಂಗೈ ಇಟ್ಟ.

"ಅಣ್ಣ ತಪ್ಪು ಹಾಕಿಲ್ಲ ಅಕ್ಕ. ನೀವು ಹಾಡ್ದಂಗೆ ಹಾಕವ್ರೆ."

ಹಾಡು ಮೈನರ್‌ನಲ್ಲೇ ರೆಕಾರ್ಡ್ ಆಯಿತು. ಕಾವಿಗೆ ಒಂದೇ ತಂತಿ, ಅದೂ ಸರಿಯಾಗಿ ಅರ್ಧ ಮೆಟ್ಟಿಲು ಇಳಿಯುವುದುಂಟೇ ಎಂದು ಬಲ್ಲವರನ್ನೆಲ್ಲ ಕೇಳಿದೆ. ಇಳಿಯಬಹುದು ಎಂದವರಿದ್ದಾರೆ, ಸಾಧ್ಯವಿಲ್ಲ ಎಂದವರೂ ಇದ್ದಾರೆ. ಯಾವ ಉತ್ತರವನ್ನು ಕೇಳಿದರೂ ಇನ್ನೊಂದೇ ನಿಜವಿರಬೇಕು ಎನಿಸುತ್ತದೆ.

ಆಮೇಲಿನ ಪ್ರತಿ ಪಿತೃಪಕ್ಷದಲ್ಲೂ ಅದೇ ಕೋಣೆಯಲ್ಲಿ, ಅದೇ ದೀಪದ ಪಕ್ಕ, ಶ್ರುತಿ ಮಾಡಿದ ಗಿಟಾರ್ ಇಟ್ಟು ಬಾಗಿಲು ಮುಚ್ಚುತ್ತೇನೆ. ತೆರೆದೊಡನೆ ಎಡೆ ನೋಡುವ ಮೊದಲೇ ಎರಡನೇ ತಂತಿ ಮೀಟುತ್ತೇನೆ. ಇದುವರೆಗೆ ಅದು ಒಂದಿಷ್ಟೂ ಇಳಿದಿಲ್ಲ.